ಹಿರೋಳ್ಳಿಯ ಸಿಡಿ ಮತ್ತು ವಿಂಡೋಸ್‌ಗಾಗಿ ಕಾದ ಕನ್ನಡ

ಆಳಂದದಿಂದ ವಾಗ್ದರಿ ಕಡೆಗೆ ಹೋಗುವ ರಸ್ತೆಯಲ್ಲಿ ಕರ್ನಾಟಕ ಇನ್ನೇನು ಮುಗಿಯಿತು ಅನ್ನುವಾಗ ಸಿಗುವ ಊರು ನಮ್ಮ ಹಿರೋಳ್ಳಿ. 2025ರ ದೀಪಾವಳಿಗೆ ಊರಿಗೆ ಹೋಗಿದ್ದಾಗ ಕಾಕಿ ಟ್ರಂಕಿನ ತಳದಿಂದ ಒಂದು ಸಿಡಿ ತೆಗೆದು ನನ್ನ ಕೈಗಿಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಅದರ ಮೇಲೆ ಕಾಕಾನ ಕೈಬರಹದಲ್ಲಿ 'ತತ್ವಪದಗಳು, 2003' ಎಂದು ಬರೆದಿತ್ತು.

ಕಾಕಾ ಶಾಲೆಯ ಮಾಸ್ತರ. ಅಮಾವಾಸ್ಯೆಯ ಭಜನೆ ಎಲ್ಲಿದ್ದರೂ ಹೋಗಿ ಕೂಡುತ್ತಿದ್ದ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಹಾಡುವವರ ಬಾಯಿಂದ ಕೇಳಿದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಕಡಕೋಳ ಮಡಿವಾಳಪ್ಪನವರ ಪದಗಳು ಅಚ್ಚಾಗಿದ್ದವು. ಕಾಕಾ ಹುಡುಕುತ್ತಿದ್ದದ್ದು ಅಚ್ಚಾಗದವರನ್ನು, ಹೆಸರು ಊರಾಚೆ ಹೋಗದವರನ್ನು. ಪುಸ್ತಕ ಮಾಡಿಸಬೇಕೆಂದು ಒಂದು ಡಿಟಿಪಿ ಅಂಗಡಿಯಲ್ಲಿ ಎಲ್ಲ ಟೈಪು ಮಾಡಿಸಿದ. ಅಚ್ಚಿಗೆ ದುಡ್ಡು ಹೊಂದಲಿಲ್ಲ. ಅವನು ತೀರಿಕೊಂಡ ಮೇಲೆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಉಳಿದದ್ದು ಈ ಸಿಡಿ ಒಂದೇ.

"ನೀ ಇಷ್ಟೆಲ್ಲಾ ಓದಾಕತ್ತೀದಿ. ಇದರಾಗ ನಿಮ್ಮ ಕಾಕಾ ಬರ್ಸಿಟ್ಟ ಪದಾ ಅವ ಅಂತ ಹೇಳ್ತಿದ್ರು. ತಗದು ನೋಡವ್ವಾ," ಅಂದಳು ಕಾಕಿ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕಲು ಜಾಗವೇ ಇರುವುದಿಲ್ಲ. ಆಳಂದದಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರ ಹತ್ತಿರ ಹೋಗಿ ಹಾಕಿಸಿದೆ. ಸಿಡಿ ತೆರೆಯಿತು, ಒಳಗಿನ ಫೈಲುಗಳೂ ತೆರೆದವು. ಆದರೆ ಪರದೆಯ ಮೇಲೆ ಕನ್ನಡ ಇರಲಿಲ್ಲ. ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ಅಲ್ಲಲ್ಲಿ ಒಂದು ಪ್ರಶ್ನೆಚಿಹ್ನೆ, ಮತ್ತೆ ಪೌಂಡು. ಪುಟಗಟ್ಟಲೆ ಹೀಗೇ ಇತ್ತು. ಸ್ಟುಡಿಯೋದವರು ನೋಡಿ, "ಫಾಂಟ್ ಇಲ್ರೀ ಅಕ್ಕಾ. ಆಗಿನ ಸಾಫ್ಟ್‌ವೇರ್ ಈಗ ಎಲ್ಲಿ ಸಿಗ್ತದ?" ಅಂದರು.

ರಜೆ ಮುಗಿಸಿ ಕಡಗಂಚಿಯ ಹಾಸ್ಟೆಲಿಗೆ ಮರಳಿದರೆ ಅಲ್ಲಿ ಬೇರೊಂದು ಚರ್ಚೆ ನಡೆದಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿತ್ತು. 2021ರಲ್ಲಿ ಬಂದ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಿಗೂ ಹೊಂದುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಚೆನ್ನಾಗಿ ನಡೆಯುತ್ತಿರುವ ಯಂತ್ರವೂ ಒಂದು ದಿನ 'ಹಳೆಯದು' ಅನ್ನಿಸಿಕೊಳ್ಳುತ್ತದೆ. ಒಬ್ಬಳು ಸಾಲ ಮಾಡಿ ಹೊಸದು ಕೊಳ್ಳುತ್ತೇನೆ ಅಂದಳು. ಇನ್ನೊಬ್ಬಳು, ಮುಂದಿನದು ಬರಲಿ, ಅದರಲ್ಲಿ ಎಲ್ಲಾ ಸರಿ ಇರುತ್ತದೆ, ಅಲ್ಲಿಯ ತನಕ ಕಾಯೋಣ ಅಂದಳು. ಮೂರನೆಯವಳು ಲಿನಕ್ಸ್ ಹಾಕಿಬಿಡಿ ಅಂದಳು.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ರಾತ್ರಿ ಅನ್ನಿಸಿದ್ದು, ನನ್ನ ಚೀಲದಲ್ಲಿದ್ದ ಸಿಡಿಗೂ ಈ ಚರ್ಚೆಗೂ ಸಂಬಂಧವಿದೆ ಎಂದು. ಕನ್ನಡ ಹಿಂದೆಯೂ ಒಮ್ಮೆ ಹೀಗೆ ಒಂದು ಹೊಸ ಆಪರೇಟಿಂಗ್ ಸಿಸ್ಟಂಗಾಗಿ ಹತ್ತು ವರ್ಷ ಕಾದಿತ್ತು. ಕಾಕಾನ ಸಿಡಿ ಆ ಕಾಯುವ ಕಾಲದ ಕೂಸು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಒಪ್ಪಂದ ಬೇಕು. ಅಮೆರಿಕದವರು ಮಾಡಿಕೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ ಇದ್ದದ್ದು 128 ಮನೆ. ಆಮೇಲೆ ಅದನ್ನು ಹಿಗ್ಗಿಸಿ 256 ಮಾಡಿದರು. ಅದರಲ್ಲಿ ಕನ್ನಡಕ್ಕೆ ಒಂದು ಮನೆಯೂ ಇರಲಿಲ್ಲ. ಭಾರತದಲ್ಲಿ ಇದಕ್ಕೆ ಉತ್ತರ ಹುಡುಕದೆ ಕೂತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಡಾಸ್ ಕಾಲದ ಕಂಪ್ಯೂಟರಿನೊಳಗೆ ಕೂರಿಸಿದರೆ ಪರದೆಯ ಮೇಲೆ ಭಾರತದ ಲಿಪಿಗಳು ಮೂಡುತ್ತಿದ್ದವು. ಇಸ್ಕಿ ಎಂಬ ರಾಷ್ಟ್ರೀಯ ಸಂಕೇತವೂ ಬಂತು. ನಮ್ಮಲ್ಲಿ ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸ ಮಾಡಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡ ಬರೆಯಬಹುದು, ಒತ್ತಕ್ಷರಕ್ಕೆಂದು ಬೇರೆ ಕೀಲಿಗಳೇ ಬೇಡ ಎಂಬುದು ಅದರ ಸೊಗಸು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂಬ ತಂತ್ರಾಂಶವನ್ನೂ ಅವರು ಮಾಡಿದರು. ಕೀಲಿಮಣೆಯನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. ಇಂದು ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸುವವರ ಬೆರಳುಗಳು ಅವರು ತೋರಿದ ದಾರಿಯಲ್ಲೇ ಓಡುತ್ತವೆ.

ಆದರೆ ವಿಂಡೋಸ್ 95, 98 ಬಂದು ಅಂಗಡಿ, ಕಚೇರಿಗಳನ್ನೆಲ್ಲ ತುಂಬಿಕೊಂಡಾಗ ಸ್ವತಃ ವಿಂಡೋಸ್‌ಗೆ ಕನ್ನಡ ಬರುತ್ತಿರಲಿಲ್ಲ. ಆಗ ಎಲ್ಲರೂ ಹಿಡಿದದ್ದು ಒಂದು ಅಡ್ಡದಾರಿ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಿದ್ದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರಗಳನ್ನು ತಂದು ಕೂರಿಸಿದರು. ಯಂತ್ರ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆ ಎಂದೇ ತಿಳಿದಿರುತ್ತಿತ್ತು. ಆ ಫಾಂಟು ಇರುವ ತನಕ ನಮ್ಮ ಕಣ್ಣಿಗೆ ಅದು ಕನ್ನಡ. ಫಾಂಟು ತೆಗೆದರೆ ಉಳಿಯುವುದು ಪೌಂಡಿನ ಗುರುತು ಮಾತ್ರ.

ಬಾಡಿಗೆ ಮನೆಯ ಈ ಏರ್ಪಾಡಿನಲ್ಲಿ ಯಾವ ಕೋಣೆಯಲ್ಲಿ ಯಾರು ಎಂಬುದನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ನಿರ್ಧರಿಸಿಕೊಂಡರು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಐಎಸ್ಎಂ, ಹೀಗೆ ಬೇರೆ ಬೇರೆ ತಂತ್ರಾಂಶಗಳು, ಬೇರೆ ಬೇರೆ ಸಂಕೇತಗಳು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು ಮನೆಮನೆಯ ಕಂಪ್ಯೂಟರಿಗೂ ಕನ್ನಡ ತಲುಪಿಸಿತು. ಕನ್ನಡ ಗಣಕ ಪರಿಷತ್ತು ಕೀಲಿಮಣೆಗೂ ಅಕ್ಷರಸಂಕೇತಕ್ಕೂ ಒಂದು ಏಕರೂಪ ಬೇಕೆಂದು ಹೋರಾಡಿತು. ಸರ್ಕಾರಕ್ಕಾಗಿ 'ನುಡಿ' ತಂತ್ರಾಂಶ ಸಿದ್ಧವಾಯಿತು. ಸರ್ಕಾರಿ ಕಚೇರಿಗಳ ಗೊಂದಲ ಎಷ್ಟೋ ಕಡಿಮೆಯಾಯಿತು. ಆದರೂ ಇದು ಬಾಡಿಗೆ ಮನೆಯೊಳಗಿನ ಶಿಸ್ತು. ಸ್ವಂತ ಮನೆ ಇನ್ನೂ ಬೇಕಾಗಿತ್ತು.

ಸ್ವಂತ ಮನೆಯ ನಕ್ಷೆ ಅಷ್ಟರಲ್ಲಿ ಸಿದ್ಧವಾಗಿತ್ತು ಕೂಡ. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು. ಅದರಲ್ಲಿ ಕನ್ನಡಕ್ಕೂ 128 ಮನೆಗಳ ಒಂದು ಓಣಿ ಇತ್ತು. ಆದರೆ ಓಣಿ ಕಾಗದದ ಮೇಲೆ ಇದ್ದರೆ ಸಾಲದು. ಕ ಬರೆದು ಒತ್ತು ಷ ಕೊಟ್ಟರೆ ಅದು ಕ್ಷ ಆಗಬೇಕು, ಅರ್ಕಾವತ್ತು ಮುಂದಕ್ಕೆ ಹೋಗಿ ಕೂರಬೇಕು. ಆ ಜೋಡಣೆಯನ್ನು ಆಪರೇಟಿಂಗ್ ಸಿಸ್ಟಂ ಕಲಿಯಬೇಕು. 2000ದ ಫೆಬ್ರುವರಿಯಲ್ಲಿ ವಿಂಡೋಸ್ 2000 ಬಂದಾಗ ದೇವನಾಗರಿ ಮತ್ತು ತಮಿಳು ಕಲಿತು ಬಂತು, ಕನ್ನಡ ಕಲಿತಿರಲಿಲ್ಲ. ಮುಂದಿನದಕ್ಕೆ ಕಾಯಬೇಕಾಯಿತು. 2001ರ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು. 'ತುಂಗಾ' ಎಂಬ ನದಿಯ ಹೆಸರು ಹೊತ್ತ ಫಾಂಟಿನೊಂದಿಗೆ ಕನ್ನಡ ಕೊನೆಗೂ ವಿಂಡೋಸಿನ ಒಳಗೆ ಬಂತು.

ಅದು ಬಂದದ್ದು ದೊಡ್ಡ ಸಂಗತಿ. ಯೂನಿಕೋಡ್ ಕನ್ನಡವನ್ನು ಜನಸಾಮಾನ್ಯರ ಬಳಿಗೆ ಒಯ್ದದ್ದರಲ್ಲಿ ಎಕ್ಸ್‌ಪಿಯ ಪಾಲು ದೊಡ್ಡದು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಲು ಇಂಥ ನೆಲ ಬೇಕಾಗಿತ್ತು. ಆದರೆ ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ಮೂಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಕ್ಲಿಷ್ಟ ಲಿಪಿಗಳ ಬೆಂಬಲ ಬೇಕು ಎಂದು ಗುರುತು ಹಾಕಿ, ವಿಂಡೋಸಿನ ಮೂಲ ಸಿಡಿ ತುರುಕಬೇಕಿತ್ತು. ವಿಂಡೋಸ್ 98ರ ಯಂತ್ರಗಳು ಊರೂರುಗಳಲ್ಲಿ ಇನ್ನೂ ಓಡುತ್ತಿದ್ದವು. ಅಚ್ಚಿನ ಕೆಲಸಕ್ಕೆ ಡಿಟಿಪಿ ಅಂಗಡಿಗಳು ಬಳಸುತ್ತಿದ್ದ ಪೇಜ್‌ಮೇಕರಿಗಂತೂ ಯೂನಿಕೋಡ್ ಕನ್ನಡ ಗೊತ್ತೇ ಇರಲಿಲ್ಲ. 2003ರಲ್ಲಿ ಕಾಕಾ ಅಂಗಡಿಯ ಮೆಟ್ಟಿಲು ಹತ್ತಿದಾಗ ಹೊಸ ವ್ಯವಸ್ಥೆ ಬಂದು ಎರಡು ವರ್ಷವಾಗಿತ್ತು. ಅವನ ಪದಗಳು ಮಾತ್ರ ಹಳೆಯ ಬಾಡಿಗೆ ಮನೆಯಲ್ಲೇ ಇಳಿದವು.

1991ರಿಂದ 2001, ನಕ್ಷೆ ಇದ್ದೂ ಮನೆ ಇಲ್ಲದ ಈ ಹತ್ತು ವರ್ಷ ನನಗೆ ಮುಖ್ಯ. ಕಾಯುವವರು ಸುಮ್ಮನೆ ಕೂತಿರುವುದಿಲ್ಲ, ಬರೆಯುತ್ತಲೇ ಇರುತ್ತಾರೆ. ಆ ಹತ್ತು ವರ್ಷ, ಮತ್ತು ಅಭ್ಯಾಸಬಲದಿಂದ ಅದರ ಮುಂದಿನ ಎಷ್ಟೋ ವರ್ಷ, ಕನ್ನಡದಲ್ಲಿ ಟೈಪಾದ ಪುಸ್ತಕ, ನೋಟೀಸು, ಪ್ರಬಂಧ, ಸ್ಮರಣ ಸಂಚಿಕೆಗಳೆಲ್ಲ ಯಾರದೋ ಖಾಸಗಿ ಸಂಕೇತದಲ್ಲಿ ಕೂತವು. ಕಾದದ್ದಕ್ಕೆ ನಾವು ತೆತ್ತ ಬೆಲೆ ಅದು.

ಇದನ್ನು ಮುತ್ಯಾನ ಹತ್ತಿರ ಹೇಳಿದಾಗ ಅವನಿಗೆ ನನಗಿಂತ ಬೇಗ ಅರ್ಥವಾಯಿತು. ನಮ್ಮ ಸೀಮೆ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸರ್ಕಾರದ ಭಾಷೆ ಉರ್ದು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಪಹಣಿ, ದಫ್ತರ, ಜಮಾಬಂದಿ ಎಂಬ ಮಾತುಗಳು ನಾಲಿಗೆಯ ಮೇಲೆ ಉಳಿದವು, ಹಳೆಯ ಕಾಗದಗಳು ಗಂಟಿನಲ್ಲಿ ಉಳಿದವು. "ನಮ್ಮ ಹೊಲದ ಕಾಗದ ನಮ್ಮ ಕೈಯಾಗೇ ಇತ್ತು, ಓದಾಕ ಬರ್ತಿದ್ದಿಲ್ಲ. ಉರ್ದು ಬಲ್ಲವರನ್ನ ಹುಡುಕ್ಕೊಂಡು ಆಳಂದಕ್ಕ ಹೋಗ್ತಿದ್ವಿ," ಅಂದ ಮುತ್ಯಾ.

ಎರಡೂ ಒಂದೇ ಎಂದು ಮೊದಲು ನನಗೂ ಅನ್ನಿಸಿತು. ಆಮೇಲೆ ಒಂದು ವ್ಯತ್ಯಾಸ ಹೊಳೆಯಿತು. ಉರ್ದು ಮುತ್ಯಾನಿಗೆ ಬರುತ್ತಿರಲಿಲ್ಲ, ಆದರೆ ಅದು ಬೀಗ ಹಾಕಿದ ಲಿಪಿಯಲ್ಲ. ಕಲಿತರೆ ಯಾರಿಗಾದರೂ ಬರುತ್ತದೆ, ಕಲಿಸುವವರು ಇದ್ದರು, ನೂರು ವರ್ಷದ ಕಾಗದವನ್ನು ಇಂದಿಗೂ ಓದಿಸಬಹುದು. ಕಾಕಾನ ಸಿಡಿ ಹಾಗಲ್ಲ. ಅದರಲ್ಲಿರುವುದು ಅಪ್ಪಟ ಕನ್ನಡವೇ. ಆದರೆ ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿ ಸಿಗದಿದ್ದರೆ ಕನ್ನಡದ ಪಂಡಿತರಿಗೂ ಓದಲಾಗದು. ಆ ಪಟ್ಟಿ ಎಲ್ಲರ ಕೈಗೂ ಸಿಗುವಂತೆ ತೆರೆದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಹೊಸ ಆಪರೇಟಿಂಗ್ ಸಿಸ್ಟಂ ಬರುತ್ತದೋ ಇಲ್ಲವೋ ಎಂಬುದು ಅದರ ಮುಂದೆ ಸಣ್ಣ ಪ್ರಶ್ನೆ.

ನಮ್ಮ ರಾಜ್ಯಕ್ಕೆ ಪರ್ಯಾಯದ ಯೋಚನೆ ಹೊಳೆದಿರಲಿಲ್ಲ ಅಂತಲ್ಲ. ಎಕ್ಸ್‌ಪಿ ಬಂದ ಕಾಲಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯೊಂದಿಗೆ ಸೇರಿ 'ಸಿಂಪ್ಯೂಟರ್' ಮಾಡಿದರು. ಅಂಗೈಯಲ್ಲಿ ಹಿಡಿಯುವ, ಹಳ್ಳಿಯವರಿಗೂ ಎಟುಕುವ ಅಗ್ಗದ ಯಂತ್ರ. ಒಳಗೆ ಲಿನಕ್ಸ್. ಯಂತ್ರದ ವಿನ್ಯಾಸವನ್ನೂ ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ 'ಧ್ವನಿ' ತಂತ್ರಾಂಶ ಹುಟ್ಟಿದ್ದು ಇದಕ್ಕಾಗಿಯೇ. ಅದೇ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಕನ್ನಡದಲ್ಲೇ ಪಹಣಿ ಸಿಗತೊಡಗಿತು. ಒಂದು ಕಾಲಕ್ಕೆ ಉರ್ದು ಕಾಗದ ಹಿಡಿದು ಆಳಂದಕ್ಕೆ ಹೋಗುತ್ತಿದ್ದ ಮುತ್ಯಾ ಈಗ ಅದೇ ಆಳಂದದಿಂದ ತಾನೇ ಓದಬಲ್ಲ ಪಹಣಿ ತಂದ. ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನೂ ಬಳಸಿ ನೋಡಲಾಯಿತು. ಆದರೆ ಸಿಂಪ್ಯೂಟರ್ ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ. ಅಷ್ಟರಲ್ಲಿ ಮೊಬೈಲು ಬಂದು ಅದರ ಜಾಗ ಹಿಡಿಯಿತು.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಲಿನಕ್ಸನ್ನು ಕನ್ನಡಕ್ಕೆ ತರುವ ಕೆಲಸವನ್ನು ಹೊತ್ತವರು ಸ್ವಯಂಸೇವಕರು. ಇಂಡ್‌ಲಿನಕ್ಸ್ ಎಂಬ ಬಳಗ ಭಾರತದ ಭಾಷೆಗಳಿಗೆಲ್ಲ ಈ ಕೆಲಸ ಶುರು ಮಾಡಿತು. ಕನ್ನಡದಲ್ಲಿ ಹರಿಪ್ರಸಾದ್ ನಾಡಿಗ್ ಮತ್ತು ಗೆಳೆಯರು ಮೆನು, ಸಂದೇಶಗಳನ್ನು ಕೂತು ಅನುವಾದಿಸಿದರು. 'ಫೈಲ್'ಗೆ 'ಕಡತ' ಅನ್ನಬೇಕೇ ಬೇಡವೇ ಎಂದು ಜಗಳಾಡಿದವರೂ ಇಂಥವರೇ. ಮುಂದೆ ಅರವಿಂದ ವಿ.ಕೆ. ಅವರು 'ಗುಬ್ಬಿ', 'ನವಿಲು' ಎಂಬ ಮುಕ್ತ ಫಾಂಟುಗಳನ್ನು ಕೊಟ್ಟರು. ಹಳೆಯ ಆಸ್ಕಿ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕವನ್ನೂ ಬರೆದು ಎಲ್ಲರಿಗೂ ತೆರೆದಿಟ್ಟರು. ಓಂಶಿವಪ್ರಕಾಶ್ ಮತ್ತು ಸಂಚಯದ ಗೆಳೆಯರು ಕಟ್ಟಿದ 'ವಚನ ಸಂಚಯ'ದಲ್ಲಿ ಇಂದು ಒಂದು ಪದ ಟೈಪಿಸಿದರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಸಿಗುತ್ತದೆ. ನನ್ನಂಥ ಸಂಶೋಧಕರ ತಿಂಗಳುಗಳ ಕೆಲಸವನ್ನು ಅದು ಉಳಿಸಿದೆ. ಪಠ್ಯ ಯೂನಿಕೋಡ್‌ನಲ್ಲಿ ಇರದಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಸರ್ಕಾರವೇ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿ ಐಟಿ@ಸ್ಕೂಲ್ ಯೋಜನೆ 2000ದ ದಶಕದ ನಡುಭಾಗದಿಂದ ಶಾಲೆಯ ಕಂಪ್ಯೂಟರುಗಳನ್ನು ಗ್ನು/ಲಿನಕ್ಸ್‌ಗೆ ಒಯ್ದಿತು. ಈಗ ಅದು ಕೈಟ್ ಎಂಬ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದೇ ವ್ಯವಸ್ಥೆಯಲ್ಲಿ, ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಹಿಡಿದು ಕಂಪ್ಯೂಟರ್ ಕಲಿಯುತ್ತಾರೆ. ಕರ್ನಾಟಕದ ಹೊರಗಿನ ಕನ್ನಡ ಮಕ್ಕಳಿಗೆ ಶಾಲೆಯಲ್ಲೇ ಸಿಕ್ಕ ಲಿನಕ್ಸ್, ಆಳಂದ ತಾಲ್ಲೂಕಿನಲ್ಲಿ ಓದಿದ ನನಗೆ ಸಿಕ್ಕದ್ದು ಪಿಎಚ್‌ಡಿಗೆ ಬಂದ ಮೇಲೆ.

ಹಾಗೆಂದು ಲಿನಕ್ಸ್ ಹಾಕಿದರೆ ಎಲ್ಲ ಮುಗಿಯಿತು ಎಂದು ಹಾಸ್ಟೆಲಿನ ಗೆಳತಿಯರಿಗೆ ನಾನು ಹೇಳಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಅದು ಮತ್ತೆ ಜೀವ ಕೊಡುತ್ತದೆ, ದುಡ್ಡು ಕೇಳುವುದಿಲ್ಲ. ಆದರೆ ಕೆಲವು ಪ್ರಿಂಟರುಗಳು ಮುನಿಸಿಕೊಳ್ಳುತ್ತವೆ. ಮಾರ್ಗದರ್ಶಕರು ವರ್ಡ್‌ನಲ್ಲಿ ಕಳಿಸಿದ ಅಧ್ಯಾಯದ ಪುಟಗಳು ಇಲ್ಲಿ ಸರಿದಾಡುತ್ತವೆ. ಸ್ವಯಂಸೇವಕರು ದಣಿದಾಗ ಅನುವಾದ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ಮೆನು ನೋಡುತ್ತ ಕೂರಬೇಕು. ಇನ್ನೊಂದು ಮಾತು: ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ದುಡ್ಡಿಲ್ಲದೆ ಸಿಕ್ಕ ತಂತ್ರಾಂಶವೂ ತನ್ನ ಒಳಗನ್ನು ತೋರಿಸದಿದ್ದರೆ, ಅದನ್ನು ಮಾಡಿದವರು ಕೈಬಿಟ್ಟ ದಿನ ನಾವೂ ಕೈಬಿಟ್ಟಂತೆಯೇ.

ಆದರೆ ಪರ್ಯಾಯ ಎಂದು ನಾವು ತೂಗುತ್ತಿರುವುದು ಆಗಲೇ ಊರೊಳಗೆ ಬಂದಾಗಿದೆ ಎಂಬುದನ್ನು ಗೆಳತಿಯರು ನಂಬಲಿಲ್ಲ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಅದರ ಪರದೆಯ ಮೇಲೆ ಕನ್ನಡದ ಒತ್ತುಗಳನ್ನು ಜೋಡಿಸಿ ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಹಿರೋಳ್ಳಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ತೊಗರಿಯ ದರ ನೋಡುವವರೆಲ್ಲ ಮುಕ್ತ ತಂತ್ರಾಂಶದ ಕೈಯಿಂದಲೇ ಕನ್ನಡ ಓದುತ್ತಿದ್ದಾರೆ. ಯಾರೂ ಅದಕ್ಕಾಗಿ ಕಾದಿರಲಿಲ್ಲ, ಯಾರೂ ಅದನ್ನು ಆರಿಸಿಕೊಂಡದ್ದೂ ಅಲ್ಲ.

ಕೊನೆಗೆ ಕಾಕಾನ ಸಿಡಿಗೆ ಬರುತ್ತೇನೆ. ಗೆಳತಿಯೊಬ್ಬಳ ಮೂಲೆಗೆ ಬಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಸಿಕ್ಕ ಪರಿವರ್ತಕಗಳನ್ನೆಲ್ಲ ಓಡಿಸಿ ನೋಡಿದೆ. ಅವು ಬಲ್ಲ ಸಂಕೇತ ಬೇರೆ, ಕಾಕಾನ ಸಂಕೇತ ಬೇರೆ. ಅಂಗಡಿ ಹುಡುಕಿದೆ. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಆಗ ಈಜಿಪ್ಟಿನ ರೊಸೆಟ್ಟಾ ಶಿಲೆ ನೆನಪಾಯಿತು. ಒಂದೇ ಪಠ್ಯ ಎರಡು ಭಾಷೆಗಳಲ್ಲಿ, ಮೂರು ಲಿಪಿಗಳಲ್ಲಿ ಇದ್ದುದರಿಂದಲೇ ಶಾಂಪೋಲಿಯನ್‌ಗೆ ಓದಲಾಗದ ಲಿಪಿಯ ಗುಟ್ಟು ಸಿಕ್ಕಿತು. ನನ್ನ ಶಿಲೆ ಕಾಕಿ. ಕಾಕಾ ಮೊದಲು ಬರೆಸಿದ್ದು ಯಾವ ಪದ ಎಂದು ಕೇಳಿದರೆ, ಅವಳು ಒಲೆಯ ಮುಂದೆ ಕೂತಲ್ಲೇ ಹಾಡಿ ತೋರಿಸಿದಳು. ಫೋನಿನಲ್ಲಿ ಮುದ್ರಿಸಿಕೊಂಡು, ಅಕ್ಷರಕ್ಕೆ ಅಕ್ಷರ ಬರೆದು, ಫೈಲಿನ ಮೊದಲ ಪುಟದ ಪಕ್ಕ ಇಟ್ಟೆ. ಪಲ್ಲವಿ ಮತ್ತೆ ಮತ್ತೆ ಬರುವ ಕಡೆ ಆ ಪೌಂಡಿನ ಗುರುತುಗಳೂ ಅದೇ ಸಾಲಿನಲ್ಲಿ ಮತ್ತೆ ಮತ್ತೆ ಬಂದಿದ್ದವು. ಅಲ್ಲಿಂದ ಗಂಟು ಬಿಚ್ಚತೊಡಗಿತು. ಒಂದೊಂದು ಗುರುತಿಗೂ ಒಂದೊಂದು ಕನ್ನಡದ ತುಂಡು ಹೊಂದಿಸುತ್ತ ಪಟ್ಟಿ ಮಾಡಿದೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಲು ಕಲಿತೆ. ಚಳಿಗಾಲ ಮುಗಿಯುವ ಹೊತ್ತಿಗೆ ಎಂಬತ್ತಕ್ಕೂ ಹೆಚ್ಚು ಪದಗಳು ಕನ್ನಡದಲ್ಲಿ ಕಾಣಿಸಿದವು.

ತಪ್ಪುಗಳು ಇದ್ದವು. ಒತ್ತು ಬಿಟ್ಟುಹೋದ ಕಡೆ, ಟೈಪು ಮಾಡಿದವರೇ ತಪ್ಪಿದ ಕಡೆ ಅರ್ಥ ನಿಂತುಬಿಡುತ್ತಿತ್ತು. ಅಂಥವನ್ನು ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿಕೊಂಡು ಊರಿಗೆ ಒಯ್ದೆ. ನಾನು ಓದುತ್ತ ಹೋದೆ, ಕಾಕಿ ತಿದ್ದುತ್ತ ಹೋದಳು. ಎರಡು ಪದಗಳಲ್ಲಿ ಒಂದೊಂದು ಸಾಲು ಅವಳಿಗೂ ನೆನಪಾಗಲಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಒಂದು ಪದದ ಕೊನೆಯಲ್ಲಿ ಹಾಡಿದವರ ಹೆಸರು, ಊರು, ದಿನ ಎಲ್ಲವನ್ನೂ ಕಾಕಾ ಬರೆಸಿದ್ದ. ಆ ಸಾಲನ್ನು ಕಾಕಿ ಎರಡು ಸಲ ಓದಿಸಿದಳು. "ಹೂಂ, ಅವತ್ತ ನಾನೂ ಹೋಗಿದ್ದೆ," ಅಂದಳು.

ಈಗ ಆ ಪದಗಳು ಸಾದಾ ಯೂನಿಕೋಡ್ ಪಠ್ಯವಾಗಿ ಮೂರು ಕಡೆ ಇವೆ. ಗುರುತುಗಳ ಪಟ್ಟಿಯನ್ನೂ ಅದರ ಜೊತೆಗೇ ಇಟ್ಟಿದ್ದೇನೆ. ಅದೇ ಕಾಲದ, ಅದೇ ಸಂಕೇತದ ಸಿಡಿ ಬೇರೆ ಯಾರ ಟ್ರಂಕಿನಲ್ಲಾದರೂ ಇರಬಹುದು. ಗೆಳತಿಯರಲ್ಲಿ ಒಬ್ಬಳು ಹೊಸ ಲ್ಯಾಪ್‌ಟಾಪ್ ಕೊಂಡಳು, ಇನ್ನೊಬ್ಬಳು ಮುಂದಿನ ವಿಂಡೋಸ್‌ಗೆ ಕಾಯುತ್ತಿದ್ದಾಳೆ. ಇಬ್ಬರಿಗೂ ನಾನು ಕೇಳಿಕೊಂಡದ್ದು ಒಂದೇ. ಯಾವ ಯಂತ್ರದಲ್ಲಾದರೂ ಬರೆಯಿರಿ, ಪ್ರಬಂಧದ ಅಧ್ಯಾಯಗಳನ್ನು ಯೂನಿಕೋಡ್‌ನಲ್ಲೇ ಬರೆದು ಸಾದಾ ಪಠ್ಯದಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ ಅಂದೆ.